ಹೊಸ ಎ.ಸಿ. ಗ್ಯಾಸ್ ‘ತೆಳು’ ಎನ್ನುವುದು ನಿಜವೇ? ಶೀತಕಗಳ ಸ್ನಿಗ್ಧತೆಯನ್ನು ಅಳೆಯುವ ಕಷ್ಟದ ಕಥೆ

ಎರಡು ವರ್ಷದ ಹಿಂದಿನ ಏಪ್ರಿಲ್ ತಿಂಗಳು. ಬೆಂಗಳೂರಿನಲ್ಲಿರುವ ನಮ್ಮ ಮನೆಯ ಎ.ಸಿ. ಬರೀ ಫ್ಯಾನಿನಂತೆ ಗಾಳಿ ಬೀಸತೊಡಗಿತು. ಬಂದ ಮೆಕ್ಯಾನಿಕ್ ಐದು ನಿಮಿಷ ನೋಡಿ ಹೇಳಿದ್ದಿಷ್ಟು: “ಗ್ಯಾಸ್ ಖಾಲಿ ಆಗಿದೆ ಮೇಡಂ. ಈಗ ಬರ್ತಿರೋದು ಪರಿಸರದ ಗ್ಯಾಸು, ತುಂಬಾ ತೆಳು. ಹಳೇದರ ಥರ ನಿಲ್ಲಲ್ಲ. ವರ್ಷಕ್ಕೊಂದು ಸಲ ತುಂಬಿಸ್ಲೇಬೇಕು.” ಅಪ್ಪ ದುಡ್ಡು ಕೊಟ್ಟರು. ಮರುವರ್ಷ ಅದೇ ತಿಂಗಳು, ಅದೇ ಮಾತು, ಇನ್ನೊಂದು ಬಿಲ್ಲು.

ಈ ಮಾತನ್ನು ನೀವೂ ಕೇಳಿರಬಹುದು. ಓಝೋನ್ ಪದರವನ್ನು ಉಳಿಸಲು, ಭೂಮಿ ಬಿಸಿಯಾಗುವುದನ್ನು ತಡೆಯಲು ತಂದ ಹೊಸ ಶೀತಕಗಳು ‘ತೆಳು’, ‘ನಿಲ್ಲುವುದಿಲ್ಲ’ ಎಂಬ ನಂಬಿಕೆ ರಿಪೇರಿ ಅಂಗಡಿಗಳಲ್ಲಿ ಗಟ್ಟಿಯಾಗಿ ಕೂತಿದೆ. ನಾನು ಓದಿದ್ದು ಸಂವಹನ ಶಾಸ್ತ್ರ, ಎಂಜಿನಿಯರಿಂಗ್ ಅಲ್ಲ. ಆದರೆ ‘ತೆಳು’ ಎನ್ನುವುದು ಅಳೆಯಬಹುದಾದ ಗುಣ. ಅಳೆದವರು ಏನು ಹೇಳುತ್ತಾರೆ ಎಂದು ಹುಡುಕಲು ಹೋದಾಗ ಸಿಕ್ಕಿದ್ದು ಮೆಕ್ಯಾನಿಕ್‌ನ ಮಾತಿಗೆ ಉತ್ತರ ಮಾತ್ರವಲ್ಲ. ಈ ಅಳತೆಯ ವಿಷಯದಲ್ಲಿ ಪ್ರಪಂಚದ ಒಳ್ಳೊಳ್ಳೆಯ ಪ್ರಯೋಗಾಲಯಗಳೇ ಒಂದು ಕಾಲದಲ್ಲಿ ಒಂದು ಉತ್ತರಕ್ಕೆ ಬರಲಾಗದೆ ಒದ್ದಾಡಿದ್ದವು ಎಂಬ ಸಂಗತಿ ಕೂಡ.

ತೆಳು ಬೇರೆ, ಹಗುರ ಬೇರೆ

ಮೈಸೂರುಪಾಕಿಗೋ ಚಿಕ್ಕಿಗೋ ಸಕ್ಕರೆ, ಬೆಲ್ಲದ ಪಾಕ ಹಿಡಿಯುವವರು ಬೆರಳ ತುದಿಯಲ್ಲಿ ಒಂದು ಹನಿ ತೆಗೆದು ಹಿಗ್ಗಿಸಿ ನೋಡುತ್ತಾರೆ. ಎಳೆ ಬಂದರೆ ಪಾಕ ಬಂತು. ಅಲ್ಲಿ ಅವರ ಬೆರಳು ಪರೀಕ್ಷಿಸುತ್ತಿರುವುದರಲ್ಲಿ ಮುಖ್ಯವಾದದ್ದು ಸ್ನಿಗ್ಧತೆ. ದ್ರವದ ಒಂದು ಪದರ ಪಕ್ಕದ ಪದರದ ಮೇಲೆ ಜಾರುವಾಗ ಎದುರಾಗುವ ಒಳಗಿನ ತಿಕ್ಕಾಟಕ್ಕೆ ಈ ಹೆಸರು. ಜೋನಿಬೆಲ್ಲದಲ್ಲಿ ಅದು ಹೆಚ್ಚು, ನೀರಿನಲ್ಲಿ ಕಡಿಮೆ.

ಇದನ್ನು ಸಾಂದ್ರತೆಯೊಂದಿಗೆ ಕಲಸಿಬಿಡುವುದು ಬಹಳ ಸಾಮಾನ್ಯವಾದ ತಪ್ಪು. ಹರಳೆಣ್ಣೆ ನೀರಿನ ಮೇಲೆ ತೇಲುತ್ತದೆ, ಅಂದರೆ ನೀರಿಗಿಂತ ಹಗುರ. ಆದರೆ ಅದರ ಸ್ನಿಗ್ಧತೆ ನೀರಿನದಕ್ಕಿಂತ ಸಾವಿರ ಪಟ್ಟಿನಷ್ಟು ಹೆಚ್ಚು. ಕಾರುಗಳ ಎ.ಸಿ.ಯಲ್ಲಿ ದಶಕಗಳ ಕಾಲ ಬಳಕೆಯಾದ ಆರ್-134ಎ ಎಂಬ ಶೀತಕ ಇದಕ್ಕೆ ತದ್ವಿರುದ್ಧ. ಒತ್ತಡದಲ್ಲಿಟ್ಟು ದ್ರವವಾಗಿಸಿದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ, ನೀರಿಗಿಂತ ಭಾರ. ಹರಿಯುವುದರಲ್ಲಿ ಮಾತ್ರ ನೀರಿಗಿಂತ ನಾಲ್ಕೈದು ಪಟ್ಟು ಸಲೀಸು.

ಅಂಕಿಗಳಲ್ಲೇ ನೋಡೋಣ. ಸ್ನಿಗ್ಧತೆಯ ಏಕಮಾನ ಪಾಸ್ಕಲ್ ಸೆಕೆಂಡ್. ಅದರ ಸಾವಿರದ ಒಂದು ಭಾಗ ಮಿಲಿಪಾಸ್ಕಲ್ ಸೆಕೆಂಡ್. 20 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಹೆಚ್ಚುಕಡಿಮೆ ಸರಿಯಾಗಿ 1 ಮಿಲಿಪಾಸ್ಕಲ್ ಸೆಕೆಂಡ್ ಆಗಿರುವುದು ಲೆಕ್ಕಕ್ಕೆ ಅನುಕೂಲ. ಈಗ 25 ಡಿಗ್ರಿಯಲ್ಲಿ ದ್ರವರೂಪದ ಶೀತಕಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಹಳೆಯ ಎ.ಸಿ.ಗಳ ಆರ್-22 ಸುಮಾರು 0.17. ಆರ್-134ಎ ಸುಮಾರು 0.19. ಅದರ ಬದಲಿಗೆ ಕಾರುಗಳಿಗೆ ಬಂದಿರುವ ಆರ್-1234ವೈಎಫ್ ಸುಮಾರು 0.15. ಇತ್ತೀಚಿನ ಫ್ರಿಜ್‌ಗಳ ಆರ್-600ಎ, ಅಂದರೆ ಐಸೊಬ್ಯೂಟೇನ್, ಕೂಡ 0.15ರ ಆಸುಪಾಸು. ಈಗಿನ ಮನೆ ಎ.ಸಿ.ಗಳ ಆರ್-32 ಸುಮಾರು 0.11. ಪ್ರೊಪೇನ್ ಇನ್ನೂ ಸ್ವಲ್ಪ ಕೆಳಗೆ, 0.10ರ ಹತ್ತಿರ.

ಅಂದರೆ ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ! ದ್ರವರೂಪದಲ್ಲಿ ಆರ್-32 ನಿಜಕ್ಕೂ ಆರ್-22ಕ್ಕಿಂತ ತೆಳು. ಆದರೆ ಹಳೆಯದೇನೂ ಜೇನುತುಪ್ಪವಾಗಿರಲಿಲ್ಲ. ಅದೂ ನೀರಿಗಿಂತ ಐದಾರು ಪಟ್ಟು ತೆಳುವೇ ಆಗಿತ್ತು. ಇನ್ನು ಅನಿಲ ರೂಪದಲ್ಲಿ, ಕೊಠಡಿಯ ಉಷ್ಣತೆಯಲ್ಲಿ, ಈ ಎರಡರ ಸ್ನಿಗ್ಧತೆ ಹೆಚ್ಚುಕಡಿಮೆ ಒಂದೇ: ಸುಮಾರು 12-13 ಮೈಕ್ರೊಪಾಸ್ಕಲ್ ಸೆಕೆಂಡ್. ಸೂಕ್ಷ್ಮ ಬಿರುಕಿನಿಂದ ಹೊರಬೀಳುವಾಗ ಶೀತಕ ಇರುವುದು ಹೆಚ್ಚಾಗಿ ಅನಿಲವಾಗಿಯೇ. ಅಲ್ಲಿ ಸೋರಿಕೆಯನ್ನು ಹೆಚ್ಚಿಸುವ ದೊಡ್ಡ ವ್ಯತ್ಯಾಸ ಇರುವುದು ಒತ್ತಡದಲ್ಲಿ. 25 ಡಿಗ್ರಿಯಲ್ಲಿ ಆರ್-22ರ ಆವಿಯ ಒತ್ತಡ ಸುಮಾರು 10 ಬಾರ್ ಇದ್ದರೆ ಆರ್-32ರದ್ದು ಸುಮಾರು 17 ಬಾರ್. ಹಾಗಾಗಿ ತೂತಿದ್ದರೆ ಹೊಸದು ಬೇಗ ಸೋರಬಹುದು, ನಿಜ. ಆದರೆ ತೂತೇ ಇಲ್ಲದಿದ್ದರೆ ಸೋರಲು ಯಾವ ದಾರಿಯೂ ಇಲ್ಲ. ಶೀತಕ ಪೆಟ್ರೋಲಿನಂತೆ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತ, ಆವಿಯಾಗುತ್ತ, ಮತ್ತೆ ದ್ರವವಾಗುತ್ತ ವರ್ಷಗಟ್ಟಲೆ ಅದೇ ಕೆಲಸ ಮಾಡುತ್ತಿರುತ್ತದೆ. ಪ್ರತಿ ವರ್ಷ ‘ಖಾಲಿ’ ಆಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಇಷ್ಟು ತೆಳುವಾದದ್ದನ್ನು ಅಳೆದು ಏನಾಗಬೇಕು?

ಫ್ರಿಜ್‌ನ ಹಿಂಭಾಗದಲ್ಲಿ ಸುರುಳಿ ಸುತ್ತಿದ ಸಣ್ಣ ತಾಮ್ರದ ಕೊಳವೆ ಕಂಡಿದ್ದೀರಾ? ಒಳವ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ, ಉದ್ದ ಕೆಲವು ಮೀಟರು. ಹೆಚ್ಚಿನ ಒತ್ತಡದ ದ್ರವ ಶೀತಕವನ್ನು ಕಡಿಮೆ ಒತ್ತಡದ ಕಡೆಗೆ ‘ಇಷ್ಟೇ’ ಎಂದು ಅಳೆದು ಬಿಡುವುದು ಅದರ ಕೆಲಸ. ಸಾಮಾನ್ಯ ಫ್ರಿಜ್‌ನಲ್ಲಿ ಇದಕ್ಕೆ ನಲ್ಲಿಯೂ ಇಲ್ಲ, ತಿರುಪೂ ಇಲ್ಲ. ಕೊಳವೆಯ ಉದ್ದ, ವ್ಯಾಸಗಳನ್ನು ಕಾರ್ಖಾನೆಯಲ್ಲೇ ನಿರ್ಧರಿಸಿಬಿಡುತ್ತಾರೆ. ಆ ಲೆಕ್ಕಕ್ಕೆ ಬೇಕಾದ ಅಂಕಿಗಳಲ್ಲಿ ಶೀತಕದ ಸ್ನಿಗ್ಧತೆಯೂ ಒಂದು.

ಶಾಖ ಹೀರುವ, ಹೊರಹಾಕುವ ಸುರುಳಿಗಳಲ್ಲೂ ಅಷ್ಟೆ. ಕೊಳವೆಯೊಳಗೆ ಹರಿವು ಎಷ್ಟು ಕದಡುತ್ತದೆ, ಗೋಡೆಯಿಂದ ಎಷ್ಟು ಶಾಖ ಎತ್ತಿಕೊಳ್ಳುತ್ತದೆ ಎನ್ನುವುದರಲ್ಲಿ ಸ್ನಿಗ್ಧತೆಯ ಪಾತ್ರವಿದೆ. ಎಂಜಿನಿಯರುಗಳು ಬಳಸುವ ಒಂದು ಸಾಮಾನ್ಯ ಸೂತ್ರದ ಪ್ರಕಾರ ಸ್ನಿಗ್ಧತೆಯ ಅಂಕಿ ಶೇ. 10ರಷ್ಟು ತಪ್ಪಿದ್ದರೆ ಶಾಖ ವರ್ಗಾವಣೆಯ ಲೆಕ್ಕ ಸುಮಾರು ಶೇ. 4ರಷ್ಟು ತಪ್ಪುತ್ತದೆ. ಕೇಳಲು ಚಿಕ್ಕದು. ಲಕ್ಷಗಟ್ಟಲೆ ಯಂತ್ರಗಳು ಒಂದೇ ಲೆಕ್ಕದ ಮೇಲೆ ತಯಾರಾಗುತ್ತವೆ ಎಂದು ನೆನೆದರೆ ಅಷ್ಟು ಚಿಕ್ಕದಲ್ಲ: ಒಂದೋ ಬೇಕಿಲ್ಲದ ತಾಮ್ರ ಹಾಕಿರುತ್ತೇವೆ, ಇಲ್ಲವೇ ಹತ್ತು ಹದಿನೈದು ವರ್ಷ ಬೇಕಿಲ್ಲದ ವಿದ್ಯುತ್ ಸುಡುತ್ತೇವೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕುತೂಹಲಕರವಾದದ್ದು ಕಂಪ್ರೆಸರಿನೊಳಗಿನ ಎಣ್ಣೆಯ ಪ್ರಸಂಗ. ಕಂಪ್ರೆಸರಿನ ಬೇರಿಂಗುಗಳು ಸವೆಯದಿರಲು ಎಣ್ಣೆ ಬೇಕು. ಆ ಎಣ್ಣೆಯೊಳಗೆ ಶೀತಕ ಕರಗುತ್ತದೆ. ಕರಗಿದಷ್ಟೂ ಎಣ್ಣೆ ತೆಳುವಾಗುತ್ತದೆ, ಗಟ್ಟಿ ಬೆಲ್ಲದ ಪಾಕಕ್ಕೆ ನೀರು ಬೆರೆಸಿದ ಹಾಗೆ. ಅತಿ ತೆಳುವಾದರೆ ಲೋಹಕ್ಕೆ ಲೋಹ ತಾಗಿ ಸವೆತ. ಅತಿ ಮಂದವಾದರೆ ಮೋಟಾರಿಗೆ ಭಾರ. ಹಳೆಯ ಕ್ಲೋರಿನ್ ಇರುವ ಶೀತಕಗಳು ಪೆಟ್ರೋಲಿಯಂನಿಂದ ತೆಗೆದ ಖನಿಜ ತೈಲದೊಂದಿಗೆ ಚೆನ್ನಾಗಿ ಹೊಂದಿಕೊಂಡಿದ್ದವು. ಆರ್-134ಎ ಬಂದಾಗ ಖನಿಜ ತೈಲದಲ್ಲಿ ಅದು ಬೆರೆಯಲೇ ಇಲ್ಲ. ಪಾಲಿಯೋಲ್ ಎಸ್ಟರ್ ಎಂಬ ಬೇರೆ ಬಗೆಯ ಎಣ್ಣೆಗೆ ಹೋಗಬೇಕಾಯಿತು. ಆ ಎಣ್ಣೆಗೋ ಗಾಳಿಯ ತೇವವನ್ನು ಹೀರುವ ಚಟ. ಒಂದು ಅನಿಲ ಬದಲಿಸಿದ್ದಕ್ಕೆ ಯಂತ್ರದ ಒಳಸಂಸಾರವನ್ನೇ ಬದಲಿಸಬೇಕಾದ ಪರಿಸ್ಥಿತಿ. ಹೊಸ ಶೀತಕ ಬಂದಾಗಲೆಲ್ಲ ಅದೊಂದರ ಸ್ನಿಗ್ಧತೆಯನ್ನು ಮಾತ್ರವಲ್ಲ, ಎಣ್ಣೆಯೊಂದಿಗೆ ಬೆರೆತಾಗಿನ ಸ್ನಿಗ್ಧತೆಯನ್ನೂ ಬೇರೆ ಬೇರೆ ಉಷ್ಣತೆ, ಒತ್ತಡಗಳಲ್ಲಿ ಅಳೆಯಬೇಕಾಗುತ್ತದೆ.

ಲಾಳಿಕೆಯಿಂದ ಲೋಮನಾಳಕ್ಕೆ

ಸ್ನಿಗ್ಧತೆ ಅಳೆಯುವ ಅತಿ ಸರಳ ವಿಧಾನವನ್ನು ಅಡುಗೆಮನೆಯಲ್ಲೇ ಮಾಡಬಹುದು. ಒಂದು ಲಾಳಿಕೆಯಲ್ಲಿ ಒಂದು ಲೋಟ ನೀರು ಸುರಿದು ಎಷ್ಟು ಸೆಕೆಂಡಿಗೆ ಖಾಲಿಯಾಗುತ್ತದೆ ನೋಡಿ. ಅದೇ ಲಾಳಿಕೆಯಲ್ಲಿ ಅಷ್ಟೇ ಎಣ್ಣೆ ಸುರಿದು ನೋಡಿ. ಹೆಚ್ಚು ಹೊತ್ತು ಹಿಡಿದದ್ದು ಹೆಚ್ಚು ಸ್ನಿಗ್ಧ. ಲಾಳಿಕೆಯ ಬದಲು ಕೂದಲಿನಷ್ಟು ಸಣ್ಣ ರಂಧ್ರದ ಗಾಜಿನ ಕೊಳವೆ, ಅಂದರೆ ಲೋಮನಾಳ, ಇಟ್ಟರೆ ಅದೇ ವೈಜ್ಞಾನಿಕ ಉಪಕರಣವಾಗುತ್ತದೆ.

ಇದರ ಹಿಂದಿನ ನಿಯಮವನ್ನು ಪ್ರಯೋಗಗಳಿಂದ ಕಂಡುಕೊಂಡವರಲ್ಲಿ ಒಬ್ಬರು ಪ್ಯಾರಿಸ್ಸಿನ ವೈದ್ಯ ಝಾನ್ ಲಿಯೊನಾರ್ ಮಾರಿ ಪ್ವಾಝೇಯ್. ಅವರಿಗೆ ಆಸಕ್ತಿ ಇದ್ದದ್ದು ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹೇಗೆ ಹರಿಯುತ್ತದೆ ಎನ್ನುವುದರಲ್ಲಿ. 1840ರ ದಶಕದಲ್ಲಿ ಪ್ರಕಟವಾದ ಅವರ ಕೆಲಸ ಇಂದು ಫ್ರಿಜ್‌ನ ಲೆಕ್ಕದವರೆಗೂ ಬಂದಿದೆ. ಸ್ನಿಗ್ಧತೆಯ ಹಳೆಯ ಏಕಮಾನವಾದ ‘ಪಾಯ್ಸ್’ ಅವರದೇ ಹೆಸರು. ಅವರಿಗಿಂತ ಸ್ವಲ್ಪ ಮೊದಲು ಜರ್ಮನಿಯ ಎಂಜಿನಿಯರ್ ಗಾಟ್‌ಹಿಲ್ಫ್ ಹಾಗನ್ ಕೂಡ ಇದೇ ನಿಯಮಕ್ಕೆ ಬಂದಿದ್ದರು.

ಆ ನಿಯಮದಲ್ಲಿ ಒಂದು ಕಿರಿಕಿರಿ ಇದೆ. ಹರಿವು ಕೊಳವೆಯ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸಿದೆ. ತ್ರಿಜ್ಯವನ್ನು ಅಳೆಯುವಾಗ ಶೇ. 1ರಷ್ಟು ತಪ್ಪಿದರೆ ಸ್ನಿಗ್ಧತೆ ಶೇ. 4ರಷ್ಟು ತಪ್ಪುತ್ತದೆ. ಕೂದಲೆಳೆಯಷ್ಟು ಸಣ್ಣ ರಂಧ್ರದ ತ್ರಿಜ್ಯವನ್ನು ಉದ್ದಕ್ಕೂ ಕರಾರುವಾಕ್ಕಾಗಿ ಅಳೆಯುವುದು ಹುಡುಗಾಟವಲ್ಲ. ಅದಕ್ಕೇ ಹೆಚ್ಚಿನವರು ತ್ರಿಜ್ಯದ ಗೋಜಿಗೆ ಹೋಗದೆ ಸ್ನಿಗ್ಧತೆ ಗೊತ್ತಿರುವ ದ್ರವವನ್ನು ಮೊದಲು ಹರಿಸಿ, ಅದಕ್ಕೆ ಹೋಲಿಸಿ ಹೊಸದನ್ನು ಲೆಕ್ಕ ಹಾಕುತ್ತಾರೆ. ಆ ‘ಗೊತ್ತಿರುವ ದ್ರವ’ ಕೊನೆಗೆ ನೀರೇ. 20 ಡಿಗ್ರಿಯಲ್ಲಿ ನೀರಿನ ಸ್ನಿಗ್ಧತೆ ಎಷ್ಟು ಎಂಬ ಒಂದೇ ಒಂದು ಅಂಕಿಯನ್ನು ಖಚಿತಪಡಿಸಲು ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಸುಮಾರು ಎರಡು ದಶಕ ಹಿಡಿಯಿತು. 1952ರಲ್ಲಿ ಪ್ರಕಟವಾದ ಆ ಕೆಲಸದಿಂದ ಬಂದದ್ದೇ 1.002 ಎಂಬ ಪ್ರಸಿದ್ಧ ಅಂಕಿ.

ನೀರಿಗೆ, ಎಣ್ಣೆಗೆ ಇಷ್ಟು ಸಾಕು. ಶೀತಕಕ್ಕೆ ಬಂದಾಗ ಒಂದೊಂದೇ ತಾಪತ್ರಯ ಶುರುವಾಗುತ್ತದೆ.

ಮೊದಲನೆಯದು, ಶೀತಕವನ್ನು ಲೋಟಕ್ಕೆ ಸುರಿಯುವಂತಿಲ್ಲ. ಆರ್-134ಎ ಸಾಮಾನ್ಯ ಒತ್ತಡದಲ್ಲಿ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ, ಆರ್-32 ಮೈನಸ್ 52ರ ಹತ್ತಿರ. ತೆರೆದರೆ ಹಾರಿಹೋಗುತ್ತದೆ. ಹಾಗಾಗಿ ಇಡೀ ಉಪಕರಣವನ್ನೇ ಬೆಸುಗೆ ಹಾಕಿ ಮುಚ್ಚಬೇಕು. ಆರ್-134ಎ 25 ಡಿಗ್ರಿಯಲ್ಲಿ ಸುಮಾರು 6.7 ಬಾರ್ ಒತ್ತಡ ಹಾಕುತ್ತದೆ. 60 ಡಿಗ್ರಿಗೆ ಏರಿಸಿದರೆ ಸುಮಾರು 17 ಬಾರ್. ತೆಳು ಗಾಜಿನ ಉಪಕರಣ ಸಿಡಿದರೆ ಎದುರಿಗೆ ನಿಂತವರ ಗತಿ? ಲೋಹದ ಕೋಶದಲ್ಲಿಟ್ಟರೆ ಒಳಗೆ ದ್ರವ ಎಲ್ಲಿದೆ ಎಂದು ಕಾಣುವುದಿಲ್ಲ.

ಎರಡನೆಯದು, ಶೀತಕ ತೀರಾ ತೆಳು. ಲೋಮನಾಳದ ನಿಯಮ ಅನ್ವಯಿಸಬೇಕಾದರೆ ದ್ರವ ಪದರಪದರವಾಗಿ, ಶಾಂತವಾಗಿ ಹರಿಯಬೇಕು. ನೀರಿಗೆ ಸರಿಹೋದ ಕೊಳವೆಯಲ್ಲಿ ಶೀತಕ ರಭಸವಾಗಿ ಓಡುತ್ತದೆ. ಓಟ ಶುರುಮಾಡಲು ವ್ಯಯವಾಗುವ ಶಕ್ತಿಯನ್ನು ಪ್ರತ್ಯೇಕವಾಗಿ ಲೆಕ್ಕದಿಂದ ಕಳೆಯಬೇಕು. ರಭಸ ತಗ್ಗಿಸಲು ರಂಧ್ರ ಇನ್ನೂ ಸಣ್ಣದಾಗಬೇಕು, ಕೊಳವೆ ಇನ್ನೂ ಉದ್ದವಾಗಬೇಕು. ಉದ್ದ ಕೊಳವೆಯನ್ನು ಉಷ್ಣತೆ ಕಾಯ್ದುಕೊಳ್ಳುವ ತೊಟ್ಟಿಯೊಳಗೆ ಇಡಲು ಜಾಗವಿಲ್ಲ ಎಂದು ಸುರುಳಿ ಸುತ್ತಿದರೆ ಇನ್ನೊಂದು ಪೇಚು: ತಿರುವುಗಳಲ್ಲಿ ದ್ರವ ಹೊರಮಗ್ಗುಲಿಗೆ ತಳ್ಳಿಸಿಕೊಳ್ಳುತ್ತದೆ. ಬಸ್ಸು ಘಾಟಿಯ ತಿರುವಿನಲ್ಲಿ ತಿರುಗುವಾಗ ನಾವು ಪಕ್ಕದವರ ಮೇಲೆ ಬೀಳುತ್ತೇವಲ್ಲ, ಹಾಗೆ. ಇದರಿಂದ ಹರಿವಿಗೆ ಹೆಚ್ಚುವರಿ ಅಡ್ಡಿಯಾಗಿ ದ್ರವ ಇರುವುದಕ್ಕಿಂತ ಮಂದವಾಗಿ ಕಾಣುತ್ತದೆ.

ಮೂರನೆಯದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಯೋಚಿಸಬೇಕಾಯಿತು. ಬಾವಿಯಿಂದ ನೀರು ಸೇದಿದವರಿಗೆ ಗೊತ್ತು: ಕೊಡ ನೀರಿನೊಳಗೆ ಮುಳುಗಿರುವಷ್ಟು ಹೊತ್ತು ಹಗುರ, ಮೇಲೆದ್ದ ಕೂಡಲೇ ಭಾರ. ಸುತ್ತಲಿನ ದ್ರವ ಎತ್ತಿ ಹಿಡಿಯುವುದೇ ಕಾರಣ. ಲೋಮನಾಳದಲ್ಲಿ ನೀರು ತನ್ನ ಭಾರದಿಂದ ಕೆಳಗಿಳಿಯುವಾಗ ಸುತ್ತ ಇರುವುದು ಗಾಳಿ. ಗಾಳಿಯ ಸಾಂದ್ರತೆ ನೀರಿನ ಸಾವಿರದಲ್ಲಿ ಒಂದು ಪಾಲಿನಷ್ಟು. ಅದು ಎತ್ತಿ ಹಿಡಿಯುವುದನ್ನು ಮರೆತರೂ ನಡೆಯುತ್ತದೆ. ಮುಚ್ಚಿದ ಕೋಶದಲ್ಲಿ ಶೀತಕದ ಮೇಲಿರುವುದು ಅದರದೇ ಆವಿ, ಒತ್ತಡದಲ್ಲಿ ದಟ್ಟವಾದ ಆವಿ. 25 ಡಿಗ್ರಿಯಲ್ಲಿ ಆರ್-134ಎ ದ್ರವ ಘನಮೀಟರಿಗೆ ಸುಮಾರು 1207 ಕಿಲೋ ಇದ್ದರೆ ಆವಿ 32 ಕಿಲೋ. ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸ್ನಿಗ್ಧತೆ ಸುಮಾರು ಶೇ. 3ರಷ್ಟು ಹೆಚ್ಚಾಗಿ ಬರುತ್ತದೆ. 60 ಡಿಗ್ರಿಯಲ್ಲಿ ದ್ರವ 1053ಕ್ಕೆ ಇಳಿದು ಆವಿ 87ಕ್ಕೆ ಏರುತ್ತದೆ. ಆಗ ತಪ್ಪು ಸುಮಾರು ಶೇ. 9. ಉಷ್ಣತೆ ಏರಿದಂತೆ ತಪ್ಪೂ ಏರುತ್ತದೆ, ಅದೂ ಯಾರಿಗೂ ಅನುಮಾನ ಬಾರದಂತೆ ನಯವಾಗಿ. 1999ರಲ್ಲಿ ಅಮೆರಿಕದ ಆರ್ನೊ ಲೇಸೆಕೆ ಮತ್ತು ಸಂಗಡಿಗರು ಅಮೋನಿಯಾ, ಆರ್-32 ಮತ್ತು ಆರ್-134ಎಗಳ ಸ್ನಿಗ್ಧತೆಯನ್ನು ಅಳೆದು ಪ್ರಕಟಿಸಿದ ಪ್ರಬಂಧದಲ್ಲಿ ಮುಖ್ಯವಾಗಿ ಚರ್ಚಿಸಿದ್ದು ಈ ಎರಡನ್ನೇ: ಆವಿ ಎತ್ತಿ ಹಿಡಿಯುವುದು ಮತ್ತು ಸುರುಳಿಯ ತಿರುವು.

ಕೊಳವೆಯ ಬದಲು ದ್ರವದೊಳಗೆ ಗುಂಡು ಬೀಳಿಸಿ ಅದು ಇಳಿಯುವ ವೇಗ ನೋಡುವ ವಿಧಾನವೂ ಇದೆ. ತೆಳು ಶೀತಕದಲ್ಲಿ ಗುಂಡು ಕಲ್ಲಿನಂತೆ ಬಿದ್ದುಬಿಡುತ್ತದೆ. ಅದಕ್ಕಾಗಿ ಶೀತಕಕ್ಕಿಂತ ಕೊಂಚವೇ ಭಾರವಿರುವ ಟೊಳ್ಳು ಗಾಜಿನ ತುಂಡು ಮಾಡಿಕೊಳ್ಳುವುದುಂಟು.

ತಂತಿ ಮೀಟಿದರೆ ಉತ್ತರ

ಇಷ್ಟೆಲ್ಲ ರಗಳೆಯಿಂದ ತಪ್ಪಿಸಿಕೊಳ್ಳಲು ಬಂದ ವಿಧಾನಗಳಲ್ಲಿ ನನಗೆ ಅಚ್ಚುಮೆಚ್ಚಿನದು ಕಂಪಿಸುವ ತಂತಿ. ವೀಣೆಯ ತಂತಿಯನ್ನು ಗಾಳಿಯಲ್ಲಿ ಮೀಟಿದರೆ ನಾದ ಬಹಳ ಹೊತ್ತು ಉಳಿಯುತ್ತದೆ. ಅದನ್ನೇ ನೀರಿನಲ್ಲಿ ಮುಳುಗಿಸಿ ಮೀಟಿದರೆ ಬೇಗ ಅಡಗುತ್ತದೆ, ಎಣ್ಣೆಯಲ್ಲಿ ಇನ್ನೂ ಬೇಗ. ಕಂಪನ ಎಷ್ಟು ಬೇಗ ಅಡಗಿತು ಎನ್ನುವುದರಿಂದ ದ್ರವದ ಸ್ನಿಗ್ಧತೆಯನ್ನು ಲೆಕ್ಕ ಹಾಕಬಹುದು.

ಪ್ರಯೋಗಾಲಯದಲ್ಲಿ ಬಿಗಿದಿರುವುದು ಟಂಗ್‌ಸ್ಟನ್ ತಂತಿ, ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಅಕ್ಕಪಕ್ಕ ಅಯಸ್ಕಾಂತಗಳು. ತಂತಿಯಲ್ಲಿ ಕ್ಷಣಮಾತ್ರ ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರ ಅದನ್ನು ತಳ್ಳುತ್ತದೆ. ತಂತಿ ಮೀಟಿದಂತೆ ಅದುರುತ್ತದೆ. ಅದುರುವ ತಂತಿ ಅದೇ ಕಾಂತಕ್ಷೇತ್ರದಲ್ಲಿ ಸಣ್ಣ ವೋಲ್ಟೇಜನ್ನು ಹುಟ್ಟಿಸುತ್ತದೆ. ಆ ವೋಲ್ಟೇಜು ಹೇಗೆ ಕುಗ್ಗುತ್ತ ಹೋಯಿತು ಎಂಬ ದಾಖಲೆಯೇ ಉತ್ತರ. ದ್ರವ ಎಲ್ಲಿಂದ ಎಲ್ಲಿಗೂ ಹರಿಯಬೇಕಿಲ್ಲ, ಕಣ್ಣಿಗೆ ಕಾಣಬೇಕಿಲ್ಲ. ಇಡೀ ಜೋಡಣೆಯನ್ನು ದಪ್ಪ ಉಕ್ಕಿನ ಪಾತ್ರೆಯೊಳಗಿಟ್ಟು ನೂರಾರು ಬಾರ್ ಒತ್ತಡದಲ್ಲೂ ಅಳೆಯಬಹುದು. ಗ್ರೀಸಿನ ಥೆಸಲೊನಿಕಿಯಲ್ಲಿ ಮಾರ್ಕ್ ಅಸ್ಸೇಲ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಆರ್-134ಎ, ಆರ್-32ಗಳನ್ನು ಹೀಗೆ ಅಳೆದರು. ಎಚ್ಚರದಿಂದ ಮಾಡಿದರೆ ಅನಿಶ್ಚಿತತೆ ಶೇ. 1ರ ಒಳಗೇ ಇರುತ್ತದೆ.

ತಂತಿಗೂ ಅದರದೇ ಹಠಗಳಿವೆ. ತಂತಿ ಪೂರ್ತಿ ದುಂಡಗಿರಬೇಕು, ನುಣುಪಾಗಿರಬೇಕು. ಅದುರಾಟ ತಂತಿಯ ದಪ್ಪಕ್ಕಿಂತ ಬಹಳ ಚಿಕ್ಕದಾಗಿರಬೇಕು. ಉಷ್ಣತೆ ಅಲುಗಾಡಬಾರದು: ಆರ್-134ಎ ದ್ರವದ ಸ್ನಿಗ್ಧತೆ 0 ಡಿಗ್ರಿಯಲ್ಲಿ ಸುಮಾರು 0.27 ಇದ್ದದ್ದು 50 ಡಿಗ್ರಿಗೆ ಬರುವಷ್ಟರಲ್ಲಿ 0.14ರ ಹತ್ತಿರ, ಅಂದರೆ ಅರ್ಧಕ್ಕೆ ಇಳಿದಿರುತ್ತದೆ.

ಇಲ್ಲೊಂದು ಅಡ್ಡಮಾತು. ಬಿಸಿ ಮಾಡಿದರೆ ದ್ರವ ತೆಳುವಾಗುತ್ತದೆ, ಇದು ಎಲ್ಲರ ಅನುಭವ. ಆದರೆ ಅನಿಲ ಬಿಸಿಯಾದರೆ ಅದರ ಸ್ನಿಗ್ಧತೆ ಹೆಚ್ಚುತ್ತದೆ! ಅನಿಲದಲ್ಲಿ ಪದರಗಳ ನಡುವಿನ ತಿಕ್ಕಾಟ ಬರುವುದು ಅತ್ತಿಂದಿತ್ತ ಹಾರುವ ಅಣುಗಳಿಂದ. ಬಿಸಿಯಾದಷ್ಟೂ ಅವು ಜೋರಾಗಿ ಹಾರುತ್ತವೆ. ಇನ್ನೂ ವಿಚಿತ್ರವೆಂದರೆ, ಸಾಮಾನ್ಯ ಒತ್ತಡಗಳಲ್ಲಿ ಅನಿಲವನ್ನು ವಿರಳ ಮಾಡಿದರೂ ಸ್ನಿಗ್ಧತೆ ಬದಲಾಗುವುದಿಲ್ಲ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರಲ್ಲಿ ಲೆಕ್ಕ ಹಾಕಿ ಇದನ್ನು ಹೇಳಿದಾಗ ಅವರಿಗೇ ನಂಬಿಕೆ ಬರಲಿಲ್ಲ. ಲಂಡನ್ನಿನ ಮನೆಯ ಅಟ್ಟದಲ್ಲಿ ತೂಗುವ ಗಾಜಿನ ತಟ್ಟೆಗಳ ಉಪಕರಣ ಕಟ್ಟಿ, ಪತ್ನಿ ಕ್ಯಾಥರೀನ್ ಜೊತೆಗೂಡಿ ಅಳೆದರು. ಕೋಣೆಯ ಉಷ್ಣತೆಯನ್ನು ಕಾಯುವ ಕೆಲಸ ಕ್ಯಾಥರೀನ್‌ರದ್ದು. ಲೆಕ್ಕ ಸರಿಯಾಗಿತ್ತು.

ಒಂದೇ ವಸ್ತು, ಬೇರೆ ಬೇರೆ ಉತ್ತರ

ಈಗ ಆ ಜಗಳಕ್ಕೆ ಬರೋಣ. 1974ರಲ್ಲಿ ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ ಕ್ಲೋರೊಫ್ಲೋರೊಕಾರ್ಬನ್‌ಗಳು ಓಝೋನ್ ಪದರವನ್ನು ಕೆಡಿಸಬಲ್ಲವು ಎಂದು ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾದ ಮೇಲಿನ ಓಝೋನ್ ರಂಧ್ರದ ವರದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಪ್ರಪಂಚದ ಫ್ರಿಜ್, ಎ.ಸಿ.ಗಳೆಲ್ಲ ಕೆಲವೇ ವರ್ಷಗಳಲ್ಲಿ ಆರ್-12ರಂಥ ಹಳೆಯ ಶೀತಕಗಳನ್ನು ಬಿಡಬೇಕಿತ್ತು. ಮುಂದಿನ ಆಯ್ಕೆ ಕ್ಲೋರಿನ್ ಇಲ್ಲದ ಆರ್-134ಎ. ಕಾರ್ಖಾನೆಗಳಿಗೆ ಅದರ ಗುಣಗಳ ಪಟ್ಟಿ ತುರ್ತಾಗಿ ಬೇಕಾಗಿತ್ತು. ಹಲವು ದೇಶಗಳ ಪ್ರಯೋಗಾಲಯಗಳು ಅಳೆಯಲು ಕೂತವು.

ಬಂದ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. ಪ್ರತಿಯೊಬ್ಬರೂ ತಮ್ಮ ಅಳತೆಯ ಅನಿಶ್ಚಿತತೆ ಇಷ್ಟೇ ಎಂದು ಬರೆದುಕೊಂಡಿದ್ದರು. ಅವರ ನಡುವಿನ ಅಂತರ ಅದನ್ನೂ ಮೀರಿತ್ತು. ಯಾರೋ ತಪ್ಪಿದ್ದರು, ಯಾರೆಂದು ತಿಳಿಯುತ್ತಿರಲಿಲ್ಲ. ಪ್ರಯೋಗಾಲಯಗಳ ಕೈಯಲ್ಲಿರುವ ಮಾದರಿಗಳೇ ಬೇರೆ ಬೇರೆ ಶುದ್ಧತೆಯವು ಇರಬಹುದೇ ಎಂಬ ಅನುಮಾನ ಹುಟ್ಟಿತು. ಅನುಮಾನಕ್ಕೆ ಆಧಾರವಿತ್ತು: ಚೂರು ಎಣ್ಣೆ ಬೆರೆತಿದ್ದರೂ ಇಷ್ಟು ತೆಳುವಾದ ದ್ರವದ ಸ್ನಿಗ್ಧತೆ ಬದಲಾಗುತ್ತದೆ.

ಶುದ್ಧ ಮತ್ತು ಅನ್ವಯಿಕ ರಸಾಯನವಿಜ್ಞಾನದ ಅಂತರರಾಷ್ಟ್ರೀಯ ಒಕ್ಕೂಟದ ಒಂದು ಉಪಸಮಿತಿ ಆಗ ಸರಳವಾದ ಉಪಾಯ ಹೂಡಿತು. ಒಂದೇ ಮಾದರಿಯ ಆರ್-134ಎಯನ್ನು ಎಲ್ಲರಿಗೂ ಹಂಚುವುದು. ಎಲ್ಲರೂ ತಂತಮ್ಮ ಉಪಕರಣಗಳಲ್ಲಿ ಮತ್ತೆ ಅಳೆಯುವುದು. ಒಂದೇ ಹಿಟ್ಟು ಹಂಚಿ ಬೇರೆ ಬೇರೆ ಮನೆಯ ಕಾವಲಿಗಳನ್ನು ಪರೀಕ್ಷಿಸಿದ ಹಾಗೆ. ಈಗಲೂ ದೋಸೆ ಬೇರೆ ಬೇರೆಯಾಗಿ ಬಂದರೆ ದೋಷ ಹಿಟ್ಟಿನದಲ್ಲ. ಫಲಿತಾಂಶಗಳು 1995ರಲ್ಲಿ ಮೊದಲು, ಮತ್ತೆ 2000ದಲ್ಲಿ ಪ್ರಕಟವಾದವು. ಪ್ರಯೋಗಾಲಯಗಳ ನಡುವಿನ ಹೊಂದಾಣಿಕೆ ಸುಧಾರಿಸಿತು. ಆವಿ ಎತ್ತಿ ಹಿಡಿಯುವಂಥ ಉಪಕರಣದೊಳಗಿನ ಸೂಕ್ಷ್ಮಗಳತ್ತ ಗಮನ ಹರಿದದ್ದೂ ಈ ವರ್ಷಗಳಲ್ಲೇ. ನನಗೆ ಹಿಡಿಸಿದ್ದು ಇದು: ‘ನನ್ನದೇ ಸರಿ’ ಎಂದು ವಾದಕ್ಕೆ ಇಳಿಯುವ ಬದಲು ಎಲ್ಲರೂ ಒಂದೇ ಸಿಲಿಂಡರಿನ ಸರಕನ್ನು ತೆಗೆದುಕೊಂಡು ಮೊದಲಿನಿಂದ ಅಳೆದರು. ಸಾಮಾಜಿಕ ಜಾಲತಾಣಗಳಲ್ಲಿ ಸುದ್ದಿಗಳ ಸತ್ಯಾಸತ್ಯ ನೋಡುವ ಕೆಲಸದಲ್ಲಿರುವ ನನಗೆ ಈ ಶಿಸ್ತನ್ನು ಕಂಡರೆ ಸ್ವಲ್ಪ ಹೊಟ್ಟೆಕಿಚ್ಚೇ.

‘ಪರಿಸರಕ್ಕೆ ಒಪ್ಪುವ’ ಎಂಬ ಚಲಿಸುವ ಗುರಿ

ವ್ಯಂಗ್ಯ ಏನೆಂದರೆ, ಇಷ್ಟು ಕಷ್ಟಪಟ್ಟು ಅಳೆದ ಆರ್-134ಎ ಈಗ ನಿರ್ಗಮಿಸುವವರ ಸಾಲಿನಲ್ಲಿದೆ. ಅದು ಓಝೋನನ್ನು ಮುಟ್ಟುವುದಿಲ್ಲ, ನಿಜ. ಆದರೆ ಹಸಿರುಮನೆ ಅನಿಲವಾಗಿ ನೂರು ವರ್ಷಗಳ ಲೆಕ್ಕದಲ್ಲಿ ಒಂದು ಕಿಲೋ ಆರ್-134ಎ ಸಾವಿರಕ್ಕೂ ಹೆಚ್ಚು ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-12 ಕೂಡ ಒಂದು ಕಾಲಕ್ಕೆ ಸುರಕ್ಷತೆಯ ಹೆಸರಿನಲ್ಲೇ ಬಂದಿತ್ತು. ಥಾಮಸ್ ಮಿಡ್ಜ್‌ಲಿ 1930ರಲ್ಲಿ ಸಭೆಯೊಂದರಲ್ಲಿ ಅದನ್ನು ಉಸಿರೊಳಗೆಳೆದುಕೊಂಡು, ಆಮೇಲೆ ಹೊರಗೆ ಊದಿ ಮೇಣದಬತ್ತಿ ಆರಿಸಿ ತೋರಿಸಿದ್ದರು: ವಿಷವೂ ಅಲ್ಲ, ಉರಿಯುವುದೂ ಇಲ್ಲ!

2016ರ ಅಕ್ಟೋಬರ್‌ನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು. ಅದರಂತೆ ನಾವು ಆರ್-134ಎ, ಆರ್-32ರಂಥ ಹೈಡ್ರೊಫ್ಲೋರೊಕಾರ್ಬನ್‌ಗಳ ಬಳಕೆಯನ್ನು 2032ರಿಂದ ಹಂತಹಂತವಾಗಿ ಇಳಿಸುತ್ತ 2047ರ ಹೊತ್ತಿಗೆ ಶೇ. 85ರಷ್ಟು ಕಡಿಮೆ ಮಾಡಬೇಕು. ಹೌದು, ನಿಮ್ಮ ಹೊಸ ಎ.ಸಿ.ಯ ಆರ್-32 ಕೂಡ ಆ ಪಟ್ಟಿಯಲ್ಲಿದೆ. ಅದರ ತಾಪನ ಸಾಮರ್ಥ್ಯ 675ರ ಆಸುಪಾಸು. ಹಿಂದಿನ ಆರ್-410ಎಯ ಮೂರನೇ ಒಂದು ಭಾಗ, ಆದರೆ ಸೊನ್ನೆಯಲ್ಲ.

ಮುಂದಿನ ಅಭ್ಯರ್ಥಿಗಳಿಗೆಲ್ಲ ಒಂದೊಂದು ಕೊಂಕು ಇದ್ದೇ ಇದೆ. ಪ್ರೊಪೇನ್, ಐಸೊಬ್ಯೂಟೇನ್ ಹವಾಮಾನಕ್ಕೆ ಒಳ್ಳೆಯವು, ಆದರೆ ಬೆಂಕಿ ಹತ್ತುತ್ತವೆ. (ಹಾಗೆಂದು ಅಡುಗೆ ಗ್ಯಾಸನ್ನು ಫ್ರಿಜ್‌ಗೆ ತುಂಬುವ ಸಾಹಸವನ್ನು ಯಾರೂ ಮಾಡಬೇಡಿ. ಅದು ಮಿಶ್ರಣ, ಶುದ್ಧ ಶೀತಕವಲ್ಲ.) ಇಂಗಾಲದ ಡೈಆಕ್ಸೈಡ್ ಉರಿಯುವುದಿಲ್ಲ, ಆದರೆ 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ, ನಮ್ಮ ಬೇಸಿಗೆಯಲ್ಲಿ ಅದನ್ನು ಬಹಳ ಹೆಚ್ಚಿನ ಒತ್ತಡದಲ್ಲಿ ದುಡಿಸಬೇಕು. ಅಮೋನಿಯಾ ವಿಷ. ಆರ್-1234ವೈಎಫ್ ವಾತಾವರಣದಲ್ಲಿ ಕೆಲವೇ ವಾರಗಳಲ್ಲಿ ಒಡೆದುಹೋಗುತ್ತದೆ, ಒಡೆದಾಗ ಟ್ರೈಫ್ಲೋರೊ ಅಸಿಟಿಕ್ ಆಮ್ಲವಾಗಿ ಮಳೆಯೊಂದಿಗೆ ಇಳಿಯುತ್ತದೆ. ಸುಲಭವಾಗಿ ಕರಗಿ ಮಾಯವಾಗದ ವಸ್ತು ಅದು. ಹೀಗಾಗಿ ಎರಡು ಮೂರು ಶೀತಕಗಳನ್ನು ಬೆರೆಸಿ ಒಂದರ ಕೊಂಕನ್ನು ಇನ್ನೊಂದರಿಂದ ಮುಚ್ಚುವ ಪ್ರಯತ್ನ ನಡೆದಿದೆ. ಬೆರೆಸಿದಾಗ ಸ್ನಿಗ್ಧತೆ ಎರಡರ ಸರಾಸರಿಯಾಗಿ ಬರುತ್ತದೆ ಎನ್ನುವ ಭರವಸೆ ಇಲ್ಲ. ಮಿಶ್ರಣವನ್ನು ಬದಲಿಸಿದಷ್ಟು ಸಲವೂ ತಂತಿಯನ್ನು ಮತ್ತೆ ಮೀಟಬೇಕು.

ನಮ್ಮ ಮನೆಯ ಎ.ಸಿ. ಏನಾಯಿತು ಎಂದು ಕೇಳುತ್ತೀರೇನೋ. ಎರಡನೇ ಬಿಲ್ಲಿನ ನಂತರ ಬೇರೊಬ್ಬ ಮೆಕ್ಯಾನಿಕ್ಕನ್ನು ಕರೆಸಿದೆವು. ಅವರು ಗ್ಯಾಸಿನ ಮಾತೇ ಎತ್ತದೆ ಒಂದು ಬಟ್ಟಲಲ್ಲಿ ಸೋಪಿನ ನೊರೆ ಮಾಡಿ ಕೊಳವೆಯ ಜೋಡಣೆಗಳಿಗೆಲ್ಲ ಹಚ್ಚುತ್ತ ಹೋದರು. ಹೊರಗಿನ ಘಟಕದ ಒಂದು ನಟ್ಟಿನ ಬುಡದಲ್ಲಿ ನೊರೆ ಗುಳ್ಳೆ ಗುಳ್ಳೆಯಾಗಿ ಉಬ್ಬಿತು. ಕೊಳವೆಯ ತುದಿಯನ್ನು ಕತ್ತರಿಸಿ ಹೊಸದಾಗಿ ಅರಳಿಸಿ ಕೂರಿಸಿದರು, ಪಂಪು ಹಚ್ಚಿ ಒಳಗಿನ ಗಾಳಿ, ತೇವ ತೆಗೆದರು, ಫಲಕದ ಮೇಲೆ ಬರೆದಿದ್ದಷ್ಟು ಗ್ರಾಮನ್ನು ತಕ್ಕಡಿಯಲ್ಲಿ ತೂಗಿ ತುಂಬಿದರು. ತುಂಬಿದ್ದು ಅದೇ ‘ತೆಳು’ ಆರ್-32. ಈ ಏಪ್ರಿಲ್‌ನಲ್ಲಿ ಯಾರನ್ನೂ ಕರೆಸಬೇಕಾಗಲಿಲ್ಲ.